ಹಳೇ ಮಿಲಿಟರಿ ಹೆಲ್ಮೆಟ್: ಒರೆಸಿ ಇಡೋದಾ, ತುಕ್ಕು ತೆಗೆಯೋದಾ, ಬಣ್ಣ ಹೊಡೆಯೋದಾ?

ಹಾಸನ, ಸಕಲೇಶಪುರ, ಮೂಡಿಗೆರೆ ಕಡೆ ಹಳೇ ಮನೆಯ ಅಟ್ಟ ಖಾಲಿ ಮಾಡುವಾಗ ಒಮ್ಮೊಮ್ಮೆ ಒಂದು ಕಬ್ಬಿಣದ ಟೋಪಿ ಸಿಗುತ್ತದೆ. ಎರಡನೇ ಮಹಾಯುದ್ಧಕ್ಕೆ ಹೋಗಿ ಬಂದ ತಾತನದ್ದಿರಬಹುದು. ಎಸ್ಟೇಟಿನ ಹಿಂದಿನ ದೊರೆ ಬಿಟ್ಟು ಹೋದದ್ದಿರಬಹುದು. ಗುಜರಿಯವನ ಹತ್ತಿರ ಯಾರೋ ಚೌಕಾಸಿ ಮಾಡಿ ತಂದದ್ದೂ ಇರಬಹುದು. ಹಿತ್ತಲಲ್ಲಿ ಕೋಳಿಗೆ ನೀರಿಡುವ ಪಾತ್ರೆಯಾಗಿ ಕಾಲ ಕಳೆದವೂ ಉಂಟು. ಸಿಕ್ಕ ಮೇಲೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ. ಇದನ್ನು ಹೀಗೇ ಇಡೋದಾ, ತುಕ್ಕು ತೆಗೆಸೋದಾ, ಇಲ್ಲಾ ಹಸಿರು ಬಣ್ಣ ಹೊಡೆಸಿ ಹಾಲ್‌ನಲ್ಲಿ ಇಡೋದಾ?

ಪ್ರಶ್ನೆ ಒಂದೇ ಆದರೂ ಕೇಳುವವರ ಅಗತ್ಯ ಬೇರೆ ಬೇರೆ. ಒಬ್ಬರಿಗೆ ಅದು ತಾತನ ನೆನಪು. ಇನ್ನೊಬ್ಬರಿಗೆ ಶಾಲೆಯ ನಾಟಕಕ್ಕೆ ಬೇಕು. ಮತ್ತೊಬ್ಬರಿಗೆ ಬುಲೆಟ್ ಮೇಲೆ ಮುಳ್ಳಯ್ಯನಗಿರಿಗೆ ಹೋಗುವಾಗ ಹಾಕಿಕೊಳ್ಳುವ ಆಸೆ. ಎಲ್ಲರಿಗೂ ಒಂದೇ ಉತ್ತರ ಕೊಡೋಕಾಗಲ್ಲ. ಆದರೆ ನನ್ನ ಒಲವು ಯಾವ ಕಡೆ ಅಂತ ಮೊದಲೇ ಹೇಳಿಬಿಡುತ್ತೇನೆ. ಬಣ್ಣ ಹೊಡೆಯುವ ಕೆಲಸವನ್ನು ಮುಂದಿನ ವರ್ಷವೂ ಮಾಡಬಹುದು. ಕೆರೆದು ತೆಗೆದ ಹಳೇ ಬಣ್ಣವನ್ನು ಮಾತ್ರ ಯಾರೂ ವಾಪಸ್ ತರೋಕಾಗಲ್ಲ. ಹಾಗಾಗಿ ಅನುಮಾನ ಇದ್ದಾಗ ಕಡಿಮೆ ಕೆಲಸವೇ ಒಳ್ಳೇದು.

ಮೊದಲು ಕೈಯಲ್ಲಿರುವುದು ಏನು ಅಂತ ನೋಡಿ

ನಮ್ಮ ಕಡೆ ಸಿಗುವುದು ಹೆಚ್ಚಾಗಿ ಬ್ರಿಟಿಷ್ ಮಾದರಿ. ತಲೆ ಮೇಲೆ ಚಪ್ಪಟೆ, ಸುತ್ತಲೂ ಅಗಲವಾದ ಅಂಚು. ಜಾನ್ ಬ್ರೋಡಿ ಎಂಬಾತ 1915ರಲ್ಲಿ ಪೇಟೆಂಟ್ ಪಡೆದ ವಿನ್ಯಾಸ ಇದು. ಅದನ್ನೇ ಸುಧಾರಿಸಿ 1938ರ ಹೊತ್ತಿಗೆ ಮಾರ್ಕ್ 2 ಬಂತು. ಎರಡನೇ ಮಹಾಯುದ್ಧದಲ್ಲಿ ಭಾರತೀಯ ಸೈನಿಕರು ಹಾಕಿದ್ದು ಬಹುಪಾಲು ಈ ಮಾದರಿಯನ್ನೇ. ಇಲ್ಲೂ ತಯಾರಾಗುತ್ತಿತ್ತು. ಇನ್ನೊಂದು ಅಮೆರಿಕದ ಎಂ1, 1941ರದ್ದು. ಅದರಲ್ಲಿ ಹೊರಗೆ ಉಕ್ಕಿನ ಚಿಪ್ಪು, ಒಳಗೆ ಬೇರೆಯಾಗಿ ತೆಗೆಯಬಹುದಾದ ಲೈನರ್, ಅಂದರೆ ತಲೆಗೆ ಕೂರುವ ಒಳಭಾಗ. ಮೂರನೆಯದು ಆಮೇಲಿನ ಕಾಲದ ಫೈಬರ್‌ಗ್ಲಾಸ್ ಹೆಲ್ಮೆಟ್. ಇದಕ್ಕೆ ತುಕ್ಕಿನ ಕಾಟ ಇಲ್ಲ. ಆದರೆ ಪೇಂಟ್ ರಿಮೂವರ್ ಹಚ್ಚಿದರೆ ಬಣ್ಣದ ಜೊತೆ ಅದರ ಮೈಯೂ ಮೆತ್ತಗಾಗುತ್ತದೆ. ಫೈಬರ್ ಇದ್ದರೆ ನೀರು, ಸೋಪು, ವಾಟರ್ ಪೇಪರ್ ಅಷ್ಟೇ.

ಒಂದು ಮ್ಯಾಗ್ನೆಟ್ ತಗೊಂಡು ಮುಟ್ಟಿಸಿ ನೋಡಿ. ಬ್ರೋಡಿ, ಎಂ1 ಎರಡನ್ನೂ ಮಾಡಿದ್ದು ಹ್ಯಾಡ್‌ಫೀಲ್ಡ್ ಮ್ಯಾಂಗನೀಸ್ ಉಕ್ಕಿನಿಂದ. ಅದರಲ್ಲಿ ಸುಮಾರು 12 ಶೇಕಡಾ ಮ್ಯಾಂಗನೀಸ್ ಇರುತ್ತದೆ. ಈ ಉಕ್ಕಿಗೆ ಮ್ಯಾಗ್ನೆಟ್ ಅಂಟುವುದಿಲ್ಲ, ಅಂಟಿದರೂ ಸಡಿಲ. ಮೊದಲ ಮಹಾಯುದ್ಧದ ಮಾರ್ಕ್ 1ರ ಅಂಚಿನ ಪಟ್ಟಿ ಮಾತ್ರ ಮಾಮೂಲಿ ಕಬ್ಬಿಣ, ಅಲ್ಲಿ ಅಂಟುತ್ತದೆ. ಇಡೀ ಟೋಪಿಗೇ ಗಟ್ಟಿಯಾಗಿ ಕಚ್ಚಿಕೊಂಡರೆ ಅದು ಈಚಿನ ನಕಲಿ ಇರಬಹುದು, ಬೇರೆ ದೇಶದ್ದೂ ಇರಬಹುದು. ಜರ್ಮನ್ ಹೆಲ್ಮೆಟ್‌ಗಳಿಗೆ ಮ್ಯಾಗ್ನೆಟ್ ಅಂಟುತ್ತದೆ. ಆದ್ದರಿಂದ ಇದೊಂದೇ ಪರೀಕ್ಷೆ ನಂಬಿ ತೀರ್ಮಾನಕ್ಕೆ ಬರಬೇಡಿ.

ಈ ಉಕ್ಕಿಗೆ ಇನ್ನೊಂದು ಸ್ವಭಾವ ಇದೆ. ಹೊಡೆದಷ್ಟೂ ಗಟ್ಟಿಯಾಗುತ್ತದೆ. ಗುಂಡಿನ ಚೂರು ತಡೆಯಲಿ ಅಂತಲೇ ಅದನ್ನು ಆರಿಸಿದ್ದು. ಹಾಗಾಗಿ ತಗ್ಗು ಎತ್ತಿಸೋಣ ಅಂತ ಟಿಂಕರಿಂಗ್ ಅಂಗಡಿಗೆ ಕೊಟ್ಟರೆ, ಬೈಕಿನ ಟ್ಯಾಂಕ್ ಎದ್ದಂತೆ ಇದು ಏಳುವುದಿಲ್ಲ. ಜಾಸ್ತಿ ಬಡಿದರೆ ಸೀಳೂ ಬಿಡಬಹುದು. ತಗ್ಗು ಇದ್ದರೆ ಇರಲಿ ಬಿಡಿ.

ಯಾವುದನ್ನೆಲ್ಲಾ ಅಳೆದು ನೋಡಬೇಕು

ಮೊದಲನೆಯದು, ಮೂಲ ಬಣ್ಣ ಎಷ್ಟು ಉಳಿದಿದೆ ಅನ್ನೋದು. ಉಳಿದೆಲ್ಲಕ್ಕಿಂತ ಇದು ಮುಖ್ಯ. ಹೆಲ್ಮೆಟ್ಟನ್ನು ಬೆಳಕಿಗೆ ಹಿಡಿದು, ಗದ್ದದ ಪಟ್ಟಿ ಸಿಕ್ಕಿಸುವ ಕೊಂಡಿಯ ಬುಡ ನೋಡಿ. ಪಟ್ಟಿ ಉಜ್ಜಿ ಉಜ್ಜಿ ಅಲ್ಲಿ ಬಣ್ಣ ಸವೆದಿರುತ್ತದೆ. ಭೂತಗನ್ನಡಿ ಇದ್ದರೆ ಪದರಗಳು ಒಂದರ ಕೆಳಗೊಂದು ಕಾಣುತ್ತವೆ. ಮೇಲೆ ಯಾರೋ ಹೊಡೆದ ಕಪ್ಪು ಎನಾಮಲ್, ಕೆಳಗೆ ಮರಳಿನ ಬಣ್ಣ, ಅದರ ಕೆಳಗೆ ಖಾಕಿ ಹಸಿರು, ಹೀಗೆ. ಮರಳು ಬಣ್ಣ ಕಂಡರೆ ಆ ಟೋಪಿ ಮರುಭೂಮಿ ನೋಡಿ ಬಂದಿರುವ ಸಾಧ್ಯತೆ ಇದೆ. ಉತ್ತರ ಆಫ್ರಿಕಾದಲ್ಲಿ ಹೋರಾಡಿದ 4ನೇ ಭಾರತೀಯ ಡಿವಿಷನ್ ಆಮೇಲೆ ಇಟಲಿಗೂ ಹೋಯಿತು. ಜಾಗ ಬದಲಾದಂತೆ ಸೈನ್ಯದವರೇ ಮತ್ತೆ ಮತ್ತೆ ಬಣ್ಣ ಬಳಿಯುತ್ತಿದ್ದರು. ನಾಲ್ಕು ಪದರ ಇರುವ ಟೋಪಿಯನ್ನು ಗ್ರೈಂಡರ್‌ಗೆ ಕೊಟ್ಟರೆ ಆ ಕಥೆಯೆಲ್ಲಾ ಹತ್ತು ನಿಮಿಷದಲ್ಲಿ ಪುಡಿಯಾಗಿ ನೆಲಕ್ಕೆ ಬೀಳುತ್ತದೆ.

ಒಳಗೂ ನೋಡಿ. ಬ್ರಿಟಿಷ್ ಟೋಪಿಯಲ್ಲಿ ಅಂಚಿನ ಒಳಮೈಗೆ ತಯಾರಕರ ಗುರುತು, ಕೆಲವಕ್ಕೆ ಇಸವಿಯೂ ಒತ್ತಿರುತ್ತದೆ. ಎಂ1ರಲ್ಲಿ ಮುಂಭಾಗದ ಒಳಗೆ ಸಣ್ಣ ಸಂಖ್ಯೆ ಇರುತ್ತದೆ. ಸೈನಿಕ ಮೊಳೆಯಲ್ಲಿ ಗೀಚಿದ ಹೆಸರೋ ನಂಬರೋ ಸಿಕ್ಕರಂತೂ ಅಲ್ಲಿಗೆ ಸ್ಯಾಂಡ್ ಪೇಪರ್ ತಾಗಲೇಬಾರದು.

ಎರಡನೆಯದು ತುಕ್ಕು. ಉಗುರಿನಲ್ಲಿ ಕೆರೆದು ನೋಡಿ. ಬರೀ ಕೆಂಪು ಪುಡಿ ಬಂದರೆ ಮೇಲ್ತುಕ್ಕು, ಹೆದರಬೇಕಿಲ್ಲ. ಹಕ್ಕಳೆ ಹಕ್ಕಳೆಯಾಗಿ ಎದ್ದು ಕೆಳಗೆ ಕುಳಿ ಬಿದ್ದಿದ್ದರೆ ಅದು ಬೇರೆ ಮಾತು. ಚಿಪ್ಪಿನ ದಪ್ಪವೇ ಹೆಚ್ಚುಕಮ್ಮಿ 1 ಮಿಲಿಮೀಟರ್. ತಿನ್ನೋಕೆ ಅಲ್ಲಿ ಜಾಸ್ತಿ ಏನಿಲ್ಲ.

ಮೂರನೆಯದು, ಅದನ್ನು ಎಲ್ಲಿ ಇಡುತ್ತೀರಿ. ಹಾಸನ ಪೇಟೆಯ ಒಣ ಮನೆಗೂ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಸಕಲೇಶಪುರ, ಕೊಟ್ಟಿಗೆಹಾರ, ಶೃಂಗೇರಿಯ ಮನೆಗೂ ಬಹಳ ವ್ಯತ್ಯಾಸ. ಒಂದು ವಿಷಯ ಎಸ್ಟೇಟಿನವರಿಗೆ ಒತ್ತಿ ಹೇಳಬೇಕು. ಗೊಬ್ಬರದ ಗೋಡೌನಿನಲ್ಲಿ ಮಾತ್ರ ಇಡಬೇಡಿ. ಪೊಟ್ಯಾಷ್ ಗೊಬ್ಬರದಲ್ಲಿ ಕ್ಲೋರೈಡ್ ಇರುತ್ತದೆ. ಅದರ ಪುಡಿ, ಮೇಲಿಂದ ಮಳೆಗಾಲದ ತೇವ, ಎರಡೂ ಸೇರಿದರೆ ಉಪ್ಪುನೀರಲ್ಲಿ ಇಟ್ಟ ಹಾಗೇ.

ಉಳಿದದ್ದು ದುಡ್ಡು, ಸಮಯ, ಮತ್ತೆ ಆರೋಗ್ಯ. ದುಡ್ಡಿನ ಮಾತು ಮುಂದೆ ಒಂದೊಂದರ ಜೊತೆಗೇ ಬರುತ್ತದೆ. ಆರೋಗ್ಯದ ಮಾತು ಈಗಲೇ ಹೇಳಬೇಕು. ಹಳೇ ಬಣ್ಣಗಳಲ್ಲಿ ಸೀಸ ಇರುತ್ತಿತ್ತು. ನಮ್ಮಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸಕ್ಕೆ 90 ಪಿಪಿಎಂ ಮಿತಿ ಹಾಕಿದ ನಿಯಮವೇ 2016ರದ್ದು. 1940ರ ಟೋಪಿಯನ್ನು ಒಣಗಿದ ಹಾಗೇ ಉಜ್ಜಿ ಧೂಳು ಎಬ್ಬಿಸಬೇಡಿ. ನೀರು ಹಾಕಿಕೊಂಡು ಉಜ್ಜಿ, ಮಾಸ್ಕ್ ಹಾಕಿ, ಮಕ್ಕಳು ಹತ್ತಿರ ಬರದ ಹಾಗೆ ನೋಡಿಕೊಳ್ಳಿ. ಇನ್ನೂ ಒಂದಿದೆ. ಮೊದಲ ಮಹಾಯುದ್ಧದ ಕೆಲವು ಬ್ರೋಡಿ ಟೋಪಿಗಳ ಒಳಪದರದಲ್ಲಿ ಆಸ್ಬೆಸ್ಟಾಸ್ ಸಿಕ್ಕಿದೆ. 2014ರಲ್ಲಿ ಬ್ರಿಟನ್ನಿನ ಶಾಲೆಗಳಿಗೆ ಈ ಬಗ್ಗೆ ಎಚ್ಚರಿಕೆ ಕೊಟ್ಟಿದ್ದರು. ಅಷ್ಟು ಹಳೆಯದಾಗಿದ್ದರೆ ಒಳಗಿನ ಫೆಲ್ಟ್ ಕೆದಕಬೇಡಿ, ತಲೆಗೂ ಹಾಕಬೇಡಿ.

ಒಂದು: ಒರೆಸಿ, ಮೇಣ ಸವರಿ ಇಡುವುದು

ಮೂಲ ಬಣ್ಣ ಅರ್ಧಕ್ಕಿಂತ ಜಾಸ್ತಿ ಉಳಿದಿದ್ದರೆ ಇದನ್ನು ಬಿಟ್ಟು ಮುಂದಿನದನ್ನು ಯೋಚಿಸಲೇಬೇಡಿ ಅನ್ನುತ್ತೇನೆ. ಮೆತ್ತನೆ ಬ್ರಷ್‌ನಲ್ಲಿ ಧೂಳು, ಜೇಡರ ಬಲೆ ತೆಗೆಯಿರಿ. ಸೌಮ್ಯ ಸೋಪಿನ ನೀರಲ್ಲಿ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ ಒರೆಸಿ. ತಕ್ಷಣ ಒಣ ಬಟ್ಟೆ. ಆಮೇಲೆ ಒಂದಿಷ್ಟು ಹೊತ್ತು ಬಿಸಿಲು ಅಥವಾ ಫ್ಯಾನ್ ಗಾಳಿ. ಕೊನೆಗೆ ತೆಳ್ಳಗೆ ಮೇಣ.

ಮ್ಯೂಸಿಯಂನವರು ಬಳಸುವುದು ಮೈಕ್ರೋಕ್ರಿಸ್ಟಲೈನ್ ಮೇಣ. ಆನ್‌ಲೈನ್‌ನಲ್ಲಿ ಸಿಗುತ್ತದೆ, ಸಣ್ಣ ಡಬ್ಬಿಗೇ ಬೆಲೆ ಜಾಸ್ತಿ. ಆದರೆ ಒಂದು ಡಬ್ಬಿ ತುಂಬಾ ಕಾಲ ಬರುತ್ತದೆ. ಅಷ್ಟು ಬೇಡ ಅಂದರೆ ನಮ್ಮ ಜೇನುಮೇಣವನ್ನು ಟರ್ಪೆಂಟೈನ್‌ನಲ್ಲಿ ಕರಗಿಸಿಕೊಳ್ಳಬಹುದು. ಒಲೆ ಮೇಲೆ ಬೇಡ. ಬಿಸಿನೀರಿನ ಪಾತ್ರೆಯೊಳಗೆ ಡಬ್ಬಿ ಇಟ್ಟು, ಬೆಂಕಿಯಿಂದ ದೂರ ಕೂತು ಮಾಡಿ. ಜೇನುಮೇಣಕ್ಕೆ ಧೂಳು ಸ್ವಲ್ಪ ಹಿಡಿಯುತ್ತದೆ, ಅಷ್ಟೇ ಕೊರತೆ. ತೆಂಗಿನೆಣ್ಣೆ ಹಚ್ಚುವವರು ಬಹಳ ಜನ. ದಯವಿಟ್ಟು ಬೇಡ. ಅದು ಕಮಟು ಹಿಡಿದು ಅಂಟಾಗುತ್ತದೆ. ಗಾಡಿಯ ಹಳೇ ಆಯಿಲ್ ಕೂಡ ಬೇಡ. ಹಿತ್ತಾಳೆ ತಿಕ್ಕಿದ ಹಾಗೆ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕುವುದಂತೂ ಬೇಡವೇ ಬೇಡ.

ಖರ್ಚು ನೂರರ ಲೆಕ್ಕದಲ್ಲಿ ಮುಗಿಯುತ್ತದೆ. ಒಂದು ಮಧ್ಯಾಹ್ನದ ಕೆಲಸ. ಕೊರತೆ ಏನು ಅಂದರೆ, ನೋಡಿದವರು 'ಇದೇನ್ರೀ, ಹಂಗೇ ಇದೆಯಲ್ಲ' ಅನ್ನುತ್ತಾರೆ. ಮಲೆನಾಡಿನ ಮನೆಯಾದರೆ ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ಮತ್ತೆ ಮೇಣ ಹಚ್ಚಬೇಕು. ಗಾಜಿನ ಪೆಟ್ಟಿಗೆಯಲ್ಲಿ ಇಡುವುದಾದರೆ ಒಂದೆರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿ.

ಎರಡು: ತುಕ್ಕು ನಿಲ್ಲಿಸಿ, ಅಲ್ಲಲ್ಲಿ ಬಣ್ಣ ಮುಟ್ಟಿಸುವುದು

ಬಣ್ಣ ಅಲ್ಲಲ್ಲಿ ಉಳಿದು, ನಡುನಡುವೆ ತುಕ್ಕು ಹಿಡಿದ ಟೋಪಿಗೆ ಇದು. ನಮ್ಮ ಕಡೆ ಸಿಗುವ ಹೆಚ್ಚಿನವು ಈ ಗುಂಪಿನವೇ. ಕೆಲಸ ನಿಧಾನ, ತಾಳ್ಮೆ ಬೇಕು.

ಇಡೀ ಟೋಪಿಯನ್ನು ವಿನಿಗರ್‌ನಲ್ಲೋ ನಿಂಬೆ ಉಪ್ಪಿನ ನೀರಲ್ಲೋ ಮುಳುಗಿಸಬೇಡಿ. ತುಕ್ಕು ಹೋಗುತ್ತದೆ ನಿಜ, ಜೊತೆಗೆ ಸಡಿಲವಾದ ಹಳೇ ಬಣ್ಣವೂ ಏಳುತ್ತದೆ. ವಾಷಿಂಗ್ ಸೋಡಾ ನೀರಲ್ಲಿ ಬ್ಯಾಟರಿ ಚಾರ್ಜರ್ ಜೋಡಿಸಿ ತುಕ್ಕು ಬಿಡಿಸುವ ವಿಧಾನಕ್ಕೂ ಇದೇ ಮಾತು. ಇಲ್ಲಿ ಬೇಕಾದ್ದು ತುಕ್ಕಿನ ಕಲೆಗಳ ಮೇಲೆ ಮಾತ್ರ ಕೆಲಸ. ಅತಿ ನುಣುಪಿನ ಸ್ಟೀಲ್ ವೂಲ್‌ಗೆ ಎರಡು ಹನಿ ತೆಳು ಎಣ್ಣೆ ಹಾಕಿ ಮೆಲ್ಲಗೆ ಉಜ್ಜಿ. ಹಕ್ಕಳೆಯನ್ನು ಬಿದಿರಿನ ಕಡ್ಡಿಯಲ್ಲಿ ಎಬ್ಬಿಸಿ. ಎಣ್ಣೆಯನ್ನು ಥಿನ್ನರ್ ಬಟ್ಟೆಯಲ್ಲಿ ತೆಗೆದು, ಸಣ್ಣ ಬ್ರಷ್‌ನಲ್ಲಿ ರಸ್ಟ್ ಕನ್ವರ್ಟರ್ ಮುಟ್ಟಿಸಿ. ತುಕ್ಕು ಕಪ್ಪಗೆ ತಿರುಗಿ ನಿಲ್ಲುತ್ತದೆ.

ಈ ಕನ್ವರ್ಟರ್‌ಗಳಲ್ಲಿ ಕೆಲವು ಟ್ಯಾನಿಕ್ ಆಸಿಡ್‌ನವು. ಕೊಪ್ಪ, ಶೃಂಗೇರಿಯವರಿಗೆ ಇದು ಹೊಸ ವಿಷಯ ಏನಲ್ಲ. ಹಸಿ ಅಡಿಕೆ ಸುಲಿದ ಮೆಟ್ಟುಗತ್ತಿ ಕಪ್ಪಾಗುವುದು ಅದೇ ಕಾರಣಕ್ಕೆ. ಅಡಿಕೆಯ ಟ್ಯಾನಿನ್ ಕಬ್ಬಿಣದ ಜೊತೆ ಸೇರಿ ಕಪ್ಪು ಪದರ ಆಗುತ್ತದೆ. ಹಾಗಂತ ಮನೆಯ ಚೊಗರು (ಅಡಿಕೆ ಬೇಯಿಸಿದ ರಸ) ತಂದು ಬಳಿಯಬೇಡಿ. ಅದರಲ್ಲಿ ಬೇರೆ ಏನೇನೋ ಇರುತ್ತದೆ, ಅಂಟಾಗಿ ಕೂರುತ್ತದೆ.

ಕಪ್ಪಾದ ಜಾಗಕ್ಕೆ ಬಣ್ಣ ಮುಟ್ಟಿಸುವಾಗ ಎನಾಮಲ್ ಬಳಸಬೇಡಿ. ಮೊದಲು ತೆಳ್ಳಗೆ ಮೇಣ, ಇಲ್ಲವೇ ವಾರ್ನಿಷ್. ಅದರ ಮೇಲೆ ಚಿತ್ರ ಬರೆಯುವ ಮ್ಯಾಟ್ ಅಕ್ರಿಲಿಕ್. ಯಾಕಂದರೆ ನಾಳೆ ಬೇಡ ಅನ್ನಿಸಿದರೆ ಹಳೇ ಬಣ್ಣಕ್ಕೆ ಏಟಾಗದ ಹಾಗೆ ತೆಗೆಯಬಹುದು. ಬಣ್ಣ ಹೊಂದಿಸಲು ಲೈನರ್ ಬಿಚ್ಚಿ ಒಳಗೆ ನೋಡಿ. ಮಾರ್ಕ್ 2ರಲ್ಲಿ ನೆತ್ತಿಯ ಒಂದು ಸ್ಕ್ರೂ ತೆಗೆದರೆ ಲೈನರ್ ಕೈಗೆ ಬರುತ್ತದೆ. ಅಲ್ಲಿ ಬಿಸಿಲು ತಾಗದ ಮೂಲ ಬಣ್ಣ ಸಿಗುತ್ತದೆ. ಸ್ಕ್ರೂ ಬರದಿದ್ದರೆ ಜಬರ್ದಸ್ತಿ ಮಾಡಬೇಡಿ. ತುಕ್ಕು ಸಡಿಲಿಸುವ ಎಣ್ಣೆಯ ಒಂದು ಹನಿ ಬಿಟ್ಟು ರಾತ್ರಿಯೆಲ್ಲಾ ಇಡಿ.

ಖರ್ಚು ಇದರಲ್ಲೂ ಸಾವಿರದ ಒಳಗೇ. ಹೋಗುವುದು ನಿಮ್ಮ ಭಾನುವಾರಗಳು. ಟೋಪಿಗೂ ನೋಟಕ್ಕೂ ನ್ಯಾಯ ಒದಗಿಸುವ ದಾರಿ ಇದೇ ಅನ್ನುವುದು ನನ್ನ ಲೆಕ್ಕ.

ಮೂರು: ಪೂರ್ತಿ ತೆಗೆದು ಹೊಸ ಬಣ್ಣ

ಮೂಲ ಬಣ್ಣ ಏನೂ ಉಳಿದಿಲ್ಲ, ಬರೀ ತುಕ್ಕಿನ ಚಿಪ್ಪು. ಅಥವಾ ಯಾರೋ ಹಿಂದೆ ಬೆಳ್ಳಿ ಬಣ್ಣ ಬಳಿದು ಕೆಡಿಸಿದ್ದಾರೆ, ಕೆಳಗೂ ಏನಿಲ್ಲ. ಆಗ ಧೈರ್ಯವಾಗಿ ಇದನ್ನು ಮಾಡಿ. ಇಲ್ಲಿ ಉಳಿಸಿಕೊಳ್ಳೋಕೆ ಏನಿಲ್ಲವಾದ್ದರಿಂದ ನಿಂಬೆ ಉಪ್ಪಿನ ನೀರಲ್ಲಿ ನೆನೆಸಬಹುದು. ಆಗಾಗ ತೆಗೆದು ನೋಡುತ್ತಿರಿ. ಆದ ಮೇಲೆ ಅಡುಗೆ ಸೋಡಾ ನೀರಲ್ಲಿ ತೊಳೆದು ತಕ್ಷಣ ಒಣಗಿಸಿ. ಅರ್ಧ ಗಂಟೆ ತಡ ಮಾಡಿದರೆ ಮತ್ತೆ ಕೆಂಪಡರುತ್ತದೆ. ಬ್ಲೋ ಟಾರ್ಚ್‌ನಲ್ಲಿ ಬಣ್ಣ ಸುಡುವ ಐಡಿಯಾ ಬೇಡ. ಸೀಸದ ಹೊಗೆ ಒಂದು ಕಡೆ, ಜಾಸ್ತಿ ಕಾದರೆ ಮ್ಯಾಂಗನೀಸ್ ಉಕ್ಕು ಪೆಡಸಾಗುವುದು ಇನ್ನೊಂದು ಕಡೆ.

ಆಮೇಲೆ ರೆಡ್ ಆಕ್ಸೈಡ್ ಪ್ರೈಮರ್. ಹಾರ್ಡ್‌ವೇರ್ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತದೆ, ಮಲೆನಾಡಿನ ತೇವಕ್ಕೂ ತಡೆಯುತ್ತದೆ.

ಇನ್ನು ಮೇಲ್ಬಣ್ಣ. ಇಲ್ಲೇ ಎಲ್ಲರೂ ಎಡವುವುದು. ಅಂಗಡಿಯ ಆಲಿವ್ ಗ್ರೀನ್ ಎನಾಮಲ್ ಹೊಳೆಯುತ್ತದೆ. ಯುದ್ಧದ ಟೋಪಿ ಹೊಳೆಯುವಂತಿಲ್ಲ. ಬಿಸಿಲಿಗೆ ಮಿನುಗಿದರೆ ಶತ್ರುವಿಗೆ ಗುರಿ ಸಿಕ್ಕಿತು ಅಂತಲೇ ಅರ್ಥ. ಅದಕ್ಕೇ ಬಣ್ಣದಲ್ಲಿ ಒರಟು ಪುಡಿ ಸೇರಿಸುತ್ತಿದ್ದರು. ಬ್ರಿಟಿಷರು ಮರದ ಪುಡಿ, ಮರಳು ಬಳಸಿದರು. ಅಮೆರಿಕದವರು ಯುದ್ಧಕಾಲದಲ್ಲಿ ಕಾರ್ಕ್ ಪುಡಿ, ಆಮೇಲೆ ಮರಳು. ಈ ಒರಟುತನ ಇಲ್ಲದಿದ್ದರೆ ಬಣ್ಣ ಎಷ್ಟೇ ಸರಿ ಇದ್ದರೂ ಆಟಿಕೆ ಥರ ಕಾಣುತ್ತದೆ.

ಮಾಡುವುದು ಸುಲಭ. ಮೊದಲ ಕೋಟ್ ಹಸಿ ಇರುವಾಗಲೇ ಪುಡಿ ಉದುರಿಸಿ, ಜಾಸ್ತಿಯಾದ್ದನ್ನು ಕೊಡವಿ. ಒಣಗಿದ ಮೇಲೆ ಇನ್ನೆರಡು ತೆಳು ಕೋಟ್. ಮರದ ಪುಡಿ ಬೇಕಾದರೆ ಚಿಕ್ಕಮಗಳೂರಿನ ಯಾವ ಸಾಮಿಲ್‌ನಲ್ಲಾದರೂ ಸಿಲ್ವರ್ ಓಕ್‌ನದ್ದು ಸಿಗುತ್ತದೆ, ನುಣ್ಣಗೆ ಜರಡಿ ಹಿಡಿಯಿರಿ. ಆದರೆ ಮರದ ಪುಡಿ ನೀರು ಕುಡಿಯುತ್ತದೆ. ಮೇಲಿನ ಕೋಟ್ ಪೂರ್ತಿ ಮುಚ್ಚಬೇಕು. ತೇವದ ಊರಿನವರಿಗೆ ಮರಳೇ ವಾಸಿ. ಹೇಮಾವತಿಯ ಮರಳಾದರೂ ತೊಳೆದು, ಒಣಗಿಸಿ, ಜರಡಿ ಹಿಡಿದು ಬಳಸಿ. ಮಂಗಳೂರಿಗೆ ಹೋದಾಗ ಬೀಚಿನಿಂದ ತಂದ ಮರಳು ಬೇಡ, ಅದರಲ್ಲಿ ಉಪ್ಪಿರುತ್ತದೆ.

ಸ್ಪ್ರೇ ಕ್ಯಾನಾ, ಬ್ರಷ್ಷಾ? ಸ್ಪ್ರೇ ಕ್ಯಾನ್‌ನಲ್ಲಿ ಮ್ಯಾಟ್ ಸಿಗುತ್ತದೆ, ಗೆರೆ ಬೀಳಲ್ಲ, ಕೆಲಸ ಬೇಗ. ಆದರೆ ಸರಿಯಾದ ಖಾಕಿ ಹಸಿರು ಸಿಗುವುದು ಅಪರೂಪ. ಸಿಕ್ಕಿದ್ದರಲ್ಲಿ ತೃಪ್ತಿಪಡಬೇಕು. ಬ್ರಷ್ ಆದರೆ ಪೇಂಟ್ ಅಂಗಡಿಯ ಕಂಪ್ಯೂಟರ್ ಮಿಕ್ಸಿಂಗ್‌ನಲ್ಲಿ ಬೇಕಾದ ಬಣ್ಣ ಮಾಡಿಸಿ, ಮೇಲೆ ಮ್ಯಾಟ್ ವಾರ್ನಿಷ್ ಕೊಡಬಹುದು. ಬಣ್ಣ ಮುಖ್ಯವಾದರೆ ಬ್ರಷ್, ಸಮಯ ಮುಖ್ಯವಾದರೆ ಕ್ಯಾನ್. ಮರಳಿನ ಮೇಲೆ ಹೇಗೂ ಬ್ರಷ್ಷಿನ ಗೆರೆ ಕಾಣುವುದಿಲ್ಲ. ಈ ಕೆಲಸಕ್ಕೆ ಜನವರಿಯಿಂದ ಏಪ್ರಿಲ್ ಒಳ್ಳೇ ಸಮಯ. ಜುಲೈಯಲ್ಲಿ ಶುರು ಮಾಡಿದರೆ ಎನಾಮಲ್ ದಿನಗಟ್ಟಲೆ ಅಂಟಂಟಾಗಿಯೇ ಇರುತ್ತದೆ.

ನಾಲ್ಕು: ಗ್ಯಾರೇಜಿಗೋ ಪೌಡರ್ ಕೋಟಿಂಗ್‌ಗೋ ಕೊಡುವುದು

ನಿಮಗೆ ಪುರಸೊತ್ತಿಲ್ಲ, ದುಡ್ಡು ಸಾವಿರದ ಲೆಕ್ಕದಲ್ಲಿ ಹೋದರೂ ಪರವಾಗಿಲ್ಲ ಅಂದರೆ ಇದು. ಕಾರಿಗೆ ಬಣ್ಣ ಹೊಡೆಯುವವರು ಕಂಪ್ರೆಸರ್‌ನಲ್ಲಿ ಚೆನ್ನಾಗಿಯೇ ಹೊಡೆಯುತ್ತಾರೆ. ತೊಂದರೆ ಏನು ಅಂದರೆ, ಅವರು ತಮ್ಮ ಕೆಲಸ ಚೆನ್ನಾಗಿ ಮಾಡುತ್ತಾರೆ! ಕುಳಿಗೆಲ್ಲಾ ಪುಟ್ಟಿ ತುಂಬಿ, ನುಣುಪು ಮಾಡಿ, ಮೇಲೆ ಕ್ಲಿಯರ್ ಕೋಟ್ ಕೊಟ್ಟು ಕಳಿಸುತ್ತಾರೆ. ಹಾಗಾಗಿ ಚೀಟಿಯಲ್ಲಿ ಬರೆದು ಕೊಡಿ: ಪುಟ್ಟಿ ಬೇಡ, ಕ್ಲಿಯರ್ ಬೇಡ, ಮ್ಯಾಟ್ ಬೇಕು, ತಗ್ಗು ಬಡಿಯಬೇಡಿ. ಲೈನರ್, ಪಟ್ಟಿ ಎಲ್ಲಾ ಮನೆಯಲ್ಲೇ ಬಿಚ್ಚಿಟ್ಟುಕೊಂಡು ಬರೀ ಚಿಪ್ಪು ಕೊಡಿ.

ಸ್ಯಾಂಡ್ ಬ್ಲಾಸ್ಟಿಂಗ್ ಮಾಡಿಸಿದರೆ ಒತ್ತಿದ ಅಕ್ಷರಗಳು ಮಸುಕಾಗುತ್ತವೆ. ಆ ಜಾಗಕ್ಕೆ ಟೇಪ್ ಸುತ್ತಿಸಿ. ಪೌಡರ್ ಕೋಟಿಂಗ್, ಅಂದರೆ ಪುಡಿ ಬಣ್ಣವನ್ನು ಕಾಯಿಸಿ ಅಂಟಿಸುವುದು, ಸುಮಾರು 180ರಿಂದ 200 ಡಿಗ್ರಿ ಬಿಸಿಯಲ್ಲಿ ಆಗುತ್ತದೆ, ಉಕ್ಕಿಗೆ ತೊಂದರೆ ಇಲ್ಲ. ಬಾಳಿಕೆಯಲ್ಲಿ ಇದನ್ನು ಮೀರಿಸುವುದು ಬೇರೆ ಯಾವುದೂ ಇಲ್ಲ. ನೋಟದಲ್ಲಿ ಮಾತ್ರ ಗೇಟು, ಕಿಟಕಿ ಗ್ರಿಲ್ ನೆನಪಾಗುತ್ತದೆ. ಹೋಂಸ್ಟೇ ಬಾಗಿಲಲ್ಲಿ, ಮಳೆಗಾಳಿಗೆ ನೇತುಹಾಕುವುದಾದರೆ ಸರಿ. ಬೇರೆ ಯಾವುದಕ್ಕೂ ನಾನು ಒಪ್ಪುವುದಿಲ್ಲ.

ಹಾಗಾದರೆ ಯಾರಿಗೆ ಯಾವುದು?

ತಾತನ ಟೋಪಿಯಾದರೆ ಮೊದಲನೆಯದು. ತುಕ್ಕು ಬೆಳೆಯುತ್ತಿದ್ದರೆ ಎರಡನೆಯದು. ಅದರಾಚೆ ಹೋಗಬೇಡಿ, ಅಣ್ಣ ತಮ್ಮಂದಿರು ಎಷ್ಟೇ ಹೇಳಲಿ. ಗುಜರಿಯಿಂದ ತಂದ ಬರೀ ಚಿಪ್ಪಾದರೆ ಮೂರನೆಯದು. ಕೈ ಪಳಗಿಸಿಕೊಳ್ಳಲು ಅದಕ್ಕಿಂತ ಒಳ್ಳೇದು ಸಿಗಲ್ಲ. ಶಾಲೆಯ ನಾಟಕಕ್ಕೆ ಹಳೇ ಟೋಪಿಯೇ ಬೇಡ. ಸೀಸ, ಆಸ್ಬೆಸ್ಟಾಸ್ ಎರಡರ ಯೋಚನೆಯೂ ಬೇಡವಾಗುವ ಹಾಗೆ ಫೈಬರ್ ನಕಲು ತಂದು ಮಕ್ಕಳ ಕೈಯಲ್ಲೇ ಬಣ್ಣ ಹೊಡೆಸಿ.

ಬುಲೆಟ್ ಹುಡುಗರಿಗೂ ಅದೇ ಉತ್ತರ, ಸ್ವಲ್ಪ ಗಟ್ಟಿ ದನಿಯಲ್ಲಿ. ಮಿಲಿಟರಿ ಟೋಪಿ ಮಾಡಿದ್ದು ಮೇಲಿಂದ ಬೀಳುವ ಚೂರುಗಳಿಗೆ. ರಸ್ತೆಗೆ ತಲೆ ಬಡಿದಾಗ ಏಟು ಹೀರಿಕೊಳ್ಳುವ ಥರ್ಮೋಕೋಲ್ ಪದರ ಅದರಲ್ಲಿ ಇಲ್ಲ, ಬೈಕ್ ಹೆಲ್ಮೆಟ್‌ಗಳ ಮಾನದಂಡವಾದ ಐಎಸ್ 4151ರ ಐಎಸ್ಐ ಗುರುತೂ ಇಲ್ಲ. ಐಎಸ್ಐ ಹೆಲ್ಮೆಟ್ ತಗೊಂಡು ಅದೇ ಮ್ಯಾಟ್ ಹಸಿರಿನದ್ದು ಆರಿಸಿ. ಆ ಬಣ್ಣದವು ಶೋರೂಮಿನಲ್ಲೇ ಸಿಗುತ್ತವೆ. ಮನೆಯಲ್ಲಿ ಹೆಲ್ಮೆಟ್ ಮೇಲೆ ಥಿನ್ನರ್ ಬಣ್ಣ ಹೊಡೆದರೆ ಅದರ ಪ್ಲಾಸ್ಟಿಕ್ ಮೈ ದುರ್ಬಲ ಆಗಬಹುದು.

ಮಾರುವ ಯೋಚನೆ ಇರುವವರು ಏನೂ ಮಾಡದೆ ಮೊದಲು ಫೋಟೋ ತೆಗೆಯಿರಿ. ಹೊರಗೆ, ಒಳಗೆ, ಅಂಚಿನ ಗುರುತು, ಪಟ್ಟಿಯ ಕೊಂಡಿ, ಎಲ್ಲದರದ್ದೂ. ಸಂಗ್ರಹಕಾರರು ತುಕ್ಕಿಗೆ ಅಷ್ಟು ಹೆದರಲ್ಲ, ಹೊಸ ಬಣ್ಣಕ್ಕೆ ಹೆದರುತ್ತಾರೆ. ಬಣ್ಣ ಹೊಡೆಸಿ ಆಗಿದ್ದರೆ ಅದನ್ನು ಬಾಯಿಬಿಟ್ಟು ಹೇಳಿಯೇ ಮಾರಿ. ಮೊದಲ ಮಹಾಯುದ್ಧದ ಟೋಪಿಗಳಿಗೆ ಈಗ 100 ವರ್ಷ ದಾಟಿದೆ. 1972ರ ಪುರಾವಸ್ತು ಕಾಯ್ದೆಯಲ್ಲಿ ಆ ವಯಸ್ಸಿನ ಚಾರಿತ್ರಿಕ ವಸ್ತುಗಳು ಪುರಾವಸ್ತು ಅನ್ನಿಸಿಕೊಳ್ಳುತ್ತವೆ. ಹೊರದೇಶದ ಗಿರಾಕಿ ಎಷ್ಟೇ ಆಸೆ ತೋರಿಸಿದರೂ ಪಾರ್ಸೆಲ್ ಕಟ್ಟುವ ಮುಂಚೆ ಪುರಾತತ್ವ ಇಲಾಖೆಯಲ್ಲಿ ವಿಚಾರಿಸಿ.